ಊಟ ಬದಲಿಸಿದರೆ ಗರ್ಭ ನಿಲ್ಲುತ್ತದೆಯೇ?

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಮುಟ್ಟಿನ ಏರುಪೇರಿನ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಊಟಕ್ಕೆ ಸಂಬಂಧಿಸಿದವು. "ಏನು ತಿಂದರೆ ಬೇಗ ಗರ್ಭ ನಿಲ್ಲುತ್ತದೆ?" ಎಂಬ ಒಂದೇ ಪ್ರಶ್ನೆಯನ್ನು ನಾನಾ ಬಗೆಯಲ್ಲಿ ಕೇಳಿದ್ದೀರಿ. ಕೆಲವನ್ನು ಆರಿಸಿಕೊಂಡಿದ್ದೇನೆ, ಉದ್ದ ಕಡಿಮೆ ಮಾಡಿದ್ದೇನೆ, ಬರೆದವರ ಗುರುತು ತೆಗೆದಿದ್ದೇನೆ. ತಿಂದರೆ ಮಗುವಾಗುವಂಥ ಒಂದು ಪದಾರ್ಥದ ಹೆಸರು ಹುಡುಕಿಕೊಂಡು ಈ ಪುಟ ತೆರೆದವರು ಈಗಲೇ ಮುಂದಿನ ಪುಟಕ್ಕೆ ಹೋಗಬಹುದು, ನನಗೆ ಬೇಸರವಿಲ್ಲ.

ಪ್ರಶ್ನೆ: ನನಗೆ 29 ವರ್ಷ. ಮಗುವಿಗಾಗಿ ಪ್ರಯತ್ನ ಆರಂಭಿಸಿ ಒಂದು ವರ್ಷ ದಾಟಿದೆ. ದೇಹ ಸಿದ್ಧವಾಗಲಿ ಎಂದು ಊಟ ಪೂರ್ತಿ ಬದಲಿಸಿದೆ. ಸಕ್ಕರೆ ಇಲ್ಲ, ಎಣ್ಣೆ ಇಲ್ಲ, ಸಂಜೆ ಆರರ ನಂತರ ಏನೂ ಇಲ್ಲ. ದಿನವೂ ಓಡುತ್ತೇನೆ. 56 ಕಿಲೊ ಇದ್ದವಳು 47ಕ್ಕೆ ಬಂದಿದ್ದೇನೆ. ಎತ್ತರ 160 ಸೆಂ.ಮೀ. ಮೊದಲು ತಿಂಗಳು ತಿಂಗಳು ಸರಿಯಾಗಿ ಬರುತ್ತಿದ್ದ ಮುಟ್ಟು ಈಗ ನಾಲ್ಕು ತಿಂಗಳಿಂದ ಇಲ್ಲ. ಇಷ್ಟು ಶಿಸ್ತಿನಿಂದ ಇದ್ದರೂ ಹೀಗೇಕೆ?

ಉತ್ತರ: ಶಿಸ್ತಿನಿಂದ ಇದ್ದರೂ ಅಲ್ಲ, ಈ ಶಿಸ್ತಿನಿಂದಲೇ ಹೀಗಾಗಿರುವ ಸಾಧ್ಯತೆ ಹೆಚ್ಚು. ಮೊದಲು ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಮುಟ್ಟು ನಿಂತ ಯಾರಿಗೇ ಆಗಲಿ ನಾನು ಹೇಳುವ ಮೊದಲ ಮಾತು ಅದು. ಗರ್ಭವಿಲ್ಲ ಎಂದಾದರೆ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆಯೂ ಆಗಲಿ. ಆಮೇಲೆ ನಿಮ್ಮ ತಟ್ಟೆಯ ವಿಚಾರಕ್ಕೆ ಬರೋಣ.

ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಚಿಕ್ಕ ಭಾಗ ಒಂದು, ಒಂದೂವರೆ ಗಂಟೆಗೊಮ್ಮೆ ಒಂದು ಹಾರ್ಮೋನನ್ನು ಮಿಡಿಯುತ್ತದೆ. ಆ ಮಿಡಿತದ ಲಯ ಹಿಡಿದು ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಸೂಚನೆ ಕಳಿಸುತ್ತದೆ, ಅಂಡ ಬಲಿತು ಹೊರಬರುತ್ತದೆ. ಗಳಿಕೆ ಕಡಿಮೆಯಾದ ಮನೆಯಲ್ಲಿ ಯಜಮಾನಿ ಮೊದಲು ಹಬ್ಬದ ಖರ್ಚಿಗೆ ಕತ್ತರಿ ಹಾಕುತ್ತಾಳೆ, ನಿತ್ಯದ ದಿನಸಿಗಲ್ಲ. ದೇಹದ ಲೆಕ್ಕವೂ ಅದೇ. ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಪಾಲು ಕೊಟ್ಟ ಮೇಲೆ ಉಳಿಯುವುದು ಸಾಲದೆ ಹೋದರೆ ಹೈಪೊಥಲಾಮಸಿನ ಮಿಡಿತ ನಿಧಾನವಾಗುತ್ತದೆ, ಅಂಡ ಬಿಡುಗಡೆಯಾಗುವುದಿಲ್ಲ, ಮುಟ್ಟು ನಿಲ್ಲುತ್ತದೆ.

ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ವಿಜ್ಞಾನಿ ಆ್ಯನ್ ಲೌಕ್ಸ್ ಮತ್ತು ಸಹೋದ್ಯೋಗಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಟ್ಟು ಕ್ರಮವಾಗಿದ್ದ ಯುವತಿಯರಿಗೆ ವ್ಯಾಯಾಮ ಮಾಡಿಸಿ ಊಟ ಇಳಿಸುತ್ತಾ ಹೋದರು. ವ್ಯಾಯಾಮದಲ್ಲಿ ಖರ್ಚಾದದ್ದನ್ನು ಕಳೆದ ಮೇಲೆ, ದೇಹದ ಕೊಬ್ಬು ಬಿಟ್ಟು ಉಳಿದ ತೂಕದ ಪ್ರತಿ ಕಿಲೊಗೆ ದಿನಕ್ಕೆ 30 ಕ್ಯಾಲೊರಿಗಿಂತ ಕಡಿಮೆ ಸಿಕ್ಕಾಗ ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಮಿಡಿತ ಕೆಟ್ಟಿತು. ಅಷ್ಟಾಗಲು ಬೇಕಾದದ್ದು ಐದೇ ದಿನ. ಇನ್ನೂ ಹಿಂದೆ ಹೋದರೆ, 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿನ ಪಶ್ಚಿಮ ಭಾಗಕ್ಕೆ ಆಹಾರ ಬರುವುದು ನಿಂತು ಕ್ಷಾಮ ಬಂದಿತ್ತು. ಎಷ್ಟೋ ಹೆಂಗಸರ ಮುಟ್ಟು ನಿಂತಿತು, ಒಂಬತ್ತು ತಿಂಗಳ ನಂತರ ಹೆರಿಗೆಗಳ ಸಂಖ್ಯೆ ಕುಸಿಯಿತು. ಊಟ ಮರಳಿದ ಮೇಲೆ ಹೆರಿಗೆಗಳೂ ಮರಳಿದವು.

ನಿಮ್ಮಂತೆಯೇ ಇದ್ದ ಒಬ್ಬರು ನನ್ನ ಬಳಿ ಊಟದ ದಿನಚರಿ ತಂದಿದ್ದರು. ಚೌಕುಳಿ ಹಾಳೆಯ ನೋಟ್‌ಬುಕ್. ಎಡಕ್ಕೆ ತಿಂದದ್ದು, ಬಲಕ್ಕೆ ಕ್ಯಾಲೊರಿ. ಒಂದು ಸಾಲಿನಲ್ಲಿ "ಬಾದಾಮಿ 6" ಎಂದು ಬರೆದು, ಆರನ್ನು ಹೊಡೆದು ನಾಲ್ಕು ಮಾಡಿದ್ದರು. ಪುಟದ ಕೆಳಗೆ ಒಟ್ಟು 1,100. ಅದರಿಂದ ಓಟದ 400 ಕಳೆದು, ಉಳಿದ 700ಕ್ಕೆ ಎರಡೆರಡು ಅಡಿಗೆರೆ ಎಳೆದಿದ್ದರು. ಅವರ ತೂಕ 50 ಕಿಲೊ, ಕೊಬ್ಬು ಕಳೆದರೆ ಸುಮಾರು 39. ಮೂವತ್ತರ ಲೆಕ್ಕ ಹಿಡಿದರೂ 1,170 ಉಳಿಯಬೇಕಿತ್ತು. ನಾನು ಅದೇ ಪುಟದಲ್ಲಿ ಅದನ್ನು ಬರೆದು ತೋರಿಸಿದೆ. ಅವರು ಬಹಳ ಹೊತ್ತು ಎರಡು ಸಂಖ್ಯೆಗಳನ್ನೂ ನೋಡಿ, "ಹಾಗಾದರೆ ಇಷ್ಟು ದಿನ ನಾನು ಹಸಿದದ್ದು ಯಾತಕ್ಕೆ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ಬಾದಾಮಿಯನ್ನು ಹತ್ತು ಮಾಡಿ ಎಂದಷ್ಟೇ ಹೇಳಿದೆ.

ನಿಮಗೂ ಅದೇ ಮಾತು. ದಿನಕ್ಕೆ ಮುನ್ನೂರು ಕ್ಯಾಲೊರಿಯಷ್ಟು ಹೆಚ್ಚಿಸಿ ಆರಂಭಿಸಿ. ಎಣ್ಣೆಯನ್ನು ಅಡುಗೆಗೆ ಮರಳಿ ತನ್ನಿ, ಸಂಜೆ ಆರರ ಕಟ್ಟಳೆ ಕಿತ್ತುಹಾಕಿ, ಓಟವನ್ನು ಅರ್ಧಕ್ಕೆ ಇಳಿಸಿ. ನಿಮ್ಮ ತೂಕ ಈಗ ಎತ್ತರಕ್ಕೆ ಬೇಕಾದ ಕನಿಷ್ಠಕ್ಕಿಂತ ಕೆಳಗಿದೆ. ಮುಟ್ಟು ಮರಳಲು ಕೆಲವು ತಿಂಗಳು ಹಿಡಿಯಬಹುದು. ಹೆಚ್ಚಿಗೆ ತಿನ್ನಬೇಕೆಂದು ಗೊತ್ತಿದ್ದೂ ಕೈ ಹಿಂದೆ ಬರುತ್ತಿದ್ದರೆ, ತಿಂದ ಮೇಲೆ ತಪ್ಪು ಮಾಡಿದಂತೆ ಅನ್ನಿಸುತ್ತಿದ್ದರೆ, ಅದನ್ನು ಮನೋವೈದ್ಯರಿಗೆ ಹೇಳಿ. ಅದೂ ಚಿಕಿತ್ಸೆ ಇರುವ ಕಾಯಿಲೆಯೇ. ಪ್ರಯತ್ನ ಆರಂಭಿಸಿ ವರ್ಷ ದಾಟಿರುವುದರಿಂದ ದಂಪತಿಗಳಿಬ್ಬರ ಪರೀಕ್ಷೆಯೂ ಇದರ ಜೊತೆಗೇ ನಡೆಯಲಿ.

ಪ್ರಶ್ನೆ: ಅನಾನಸ್ ಹಣ್ಣಿನ ನಡುವಿನ ದಿಂಡನ್ನು ಐದು ದಿನ ತಿಂದರೆ ಭ್ರೂಣ ಗರ್ಭಕೋಶಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದಂತೆ. ನಿಜವೇ?

ಉತ್ತರ: ದಿಂಡಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇರುವುದು ನಿಜ. ಅದು ಭ್ರೂಣವನ್ನು ಅಂಟಿಸುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ. ರುಚಿಯೆನಿಸಿದರೆ ಹಣ್ಣು ತಿನ್ನಿ, ದಿಂಡು ಬಿಸಾಡಿ.

ಪ್ರಶ್ನೆ: ಪಿಸಿಒಎಸ್ (ಹಾರ್ಮೋನಿನ ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ತೊಂದರೆ) ಇದೆ. ವಯಸ್ಸು 27, ತೂಕ 82 ಕಿಲೊ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು. ಒಬ್ಬ ವೈದ್ಯರು "ಮೊದಲು ಇಪ್ಪತ್ತು ಕಿಲೊ ಇಳಿಸಿ, ಆಮೇಲೆ ಬನ್ನಿ" ಎಂದರು. ಧಾನ್ಯಗಳನ್ನೇ ಪೂರ್ತಿ ಬಿಡಬೇಕೇ?

ಉತ್ತರ: ಇಪ್ಪತ್ತು ಕಿಲೊ ಎಂದು ಕೇಳಿ ಎದೆಗುಂದಬೇಡಿ. ಇರುವ ತೂಕದ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಹಲವರಲ್ಲಿ ಅಂಡೋತ್ಪತ್ತಿ ಮರಳುತ್ತದೆ. ನಿಮ್ಮ ಮಟ್ಟಿಗೆ ಅದು ನಾಲ್ಕರಿಂದ ಎಂಟು ಕಿಲೊ.

ಮಗು ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಹತ್ತರಿಂದ ಹದಿಮೂರು ಮಂದಿಗೆ ಈ ತೊಂದರೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊಟದ ಪಾತ್ರ ಸ್ಪಷ್ಟವಾಗಿ ಕಾಣುವ ಜಾಗ ಇದು. ಇನ್ಸುಲಿನ್ ಮಾತಿಗೆ ದೇಹ ಸರಿಯಾಗಿ ಕಿವಿಗೊಡದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಸಕ್ಕರೆಯ ವಿಷಯದಲ್ಲಿ ಕಿವುಡಾದ ದೇಹದಲ್ಲಿ ಅಂಡಾಶಯದ ಕಿವಿ ಮಾತ್ರ ಚುರುಕಾಗಿಯೇ ಇರುತ್ತದೆ. ಆ ಹೆಚ್ಚುವರಿ ಇನ್ಸುಲಿನ್ನಿನ ಒತ್ತಾಯಕ್ಕೆ ಅದು ಗಂಡು ಹಾರ್ಮೋನುಗಳನ್ನು ಹೆಚ್ಚಾಗಿ ತಯಾರಿಸುತ್ತದೆ; ಅಂಡ ಬೆಳೆಯುವ ಪುಟ್ಟ ಚೀಲಗಳು ಅರ್ಧ ಬೆಳೆದು ನಿಂತುಬಿಡುತ್ತವೆ. ಸ್ಕ್ಯಾನಿಂಗ್‌ನಲ್ಲಿ "ಗುಳ್ಳೆ" ಎಂದು ನಿಮಗೆ ತೋರಿಸಿದ್ದು ಅವನ್ನೇ. ಆದ್ದರಿಂದ ಇನ್ಸುಲಿನ್ ಇಳಿಸುವ ಯಾವ ಕ್ರಮವೂ ಇಲ್ಲಿ ನೆರವಿಗೆ ಬರುತ್ತದೆ: ಸಿಹಿ ಪಾನೀಯ ನಿಲ್ಲಿಸುವುದು, ನಯವಾದ ಹಿಟ್ಟಿನ ಜಾಗಕ್ಕೆ ತೌಡು ತೆಗೆಯದ ಧಾನ್ಯ, ಪ್ರತಿ ಊಟದಲ್ಲೂ ಕಾಳು, ಮೊಟ್ಟೆ ಅಥವಾ ಮೀನಿನಂಥ ಪ್ರೋಟೀನ್, ಊಟದ ನಂತರ ನಡಿಗೆ. ಧಾನ್ಯಗಳನ್ನು ಪೂರ್ತಿ ಬಿಡಬೇಕಿಲ್ಲ. ಯಾವುದೋ ಒಂದು ಬಗೆಯ ಆಹಾರಕ್ರಮ ಉಳಿದೆಲ್ಲಕ್ಕಿಂತ ಮೇಲು ಎನ್ನಲು ಆಧಾರವಿಲ್ಲ ಎಂದು 2023ರ ಅಂತರರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿ ಹೇಳಿದೆ. ನೀವು ಎರಡು ವರ್ಷ ನಡೆಸಿಕೊಂಡು ಹೋಗಬಲ್ಲ ಊಟವೇ ನಿಮಗೆ ಒಳ್ಳೆಯ ಊಟ.

"ಇಳಿಸಿಕೊಂಡು ಬನ್ನಿ" ಎಂದು ಬಾಗಿಲು ಹಾಕುವುದರ ಬಗ್ಗೆ ನನಗೆ ತಕರಾರಿದೆ. ನೆದರ್ಲೆಂಡ್ಸಿನಲ್ಲಿ ಸ್ಥೂಲಕಾಯವಿದ್ದು ಮಕ್ಕಳಾಗದ 577 ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆರು ತಿಂಗಳು ಊಟ ಮತ್ತು ವ್ಯಾಯಾಮದ ತರಬೇತಿ, ಆಮೇಲೆ ಚಿಕಿತ್ಸೆ; ಇನ್ನೊಂದಕ್ಕೆ ನೇರವಾಗಿ ಚಿಕಿತ್ಸೆ. ತರಬೇತಿ ಪಡೆದವರಲ್ಲಿ ಚಿಕಿತ್ಸೆಯಿಲ್ಲದೆ ತಾನಾಗಿ ಗರ್ಭ ನಿಂತದ್ದು ಶೇ 26 ಮಂದಿಗೆ, ಇನ್ನೊಂದು ಗುಂಪಿನಲ್ಲಿ ಶೇ 16. ಇದು ಊಟದ ಗೆಲುವು. ಆದರೆ ಎರಡು ವರ್ಷದ ಕೊನೆಗೆ ದಿನ ತುಂಬಿ, ಸಹಜ ಹೆರಿಗೆಯಲ್ಲಿ, ಆರೋಗ್ಯವಂತ ಒಂಟಿ ಮಗು ಹೆತ್ತವರು ತರಬೇತಿಯ ಗುಂಪಿನಲ್ಲಿ ಶೇ 27, ನೇರ ಚಿಕಿತ್ಸೆಯಲ್ಲಿ ಶೇ 35. ತೂಕ ಇಳಿಸುವುದೂ ಚಿಕಿತ್ಸೆಯೂ ಒಟ್ಟಿಗೆ ಸಾಗಬಹುದು ಎಂದು ನಾನು ಹಟ ಹಿಡಿಯುವುದು ಇದಕ್ಕೆ. ಅಂಡೋತ್ಪತ್ತಿಗೆ ಲೆಟ್ರೊಜೋಲ್ ಎಂಬ ಮಾತ್ರೆಯಿದೆ, ಪಿಸಿಒಎಸ್‌ನಲ್ಲಿ ಈಗ ಮೊದಲು ಕೊಡುವುದು ಅದನ್ನೇ. ಅದರ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಕೇಳಿದರೂ ಮತ್ತೆ ಇಪ್ಪತ್ತು ಕಿಲೊ ಎಂದರೆ ಬೇರೆ ವೈದ್ಯರನ್ನು ನೋಡಿ.

ಪ್ರಶ್ನೆ: ಕೊಬ್ಬು ತೆಗೆದ ಹಾಲು ಕುಡಿದರೆ ಮಕ್ಕಳಾಗುವುದಿಲ್ಲ, ಕೆನೆಭರಿತ ಹಾಲು ಕುಡಿದರೆ ಆಗುತ್ತದೆ ಎಂದು ಓದಿದೆ. ನಾನು ಎಂಟು ವರ್ಷದಿಂದ ಕೊಬ್ಬಿಲ್ಲದ ಹಾಲನ್ನೇ ಕುಡಿಯುತ್ತಿದ್ದೇನೆ. ಭಯವಾಗಿದೆ.

ಉತ್ತರ: ನೀವು ಓದಿದ್ದು ಗಾಳಿಮಾತಲ್ಲ, ಆದರೆ ಅರ್ಧ ಮಾತು. ಅಮೆರಿಕದಲ್ಲಿ 1989ರಿಂದ ಒಂದು ಲಕ್ಷಕ್ಕೂ ಹೆಚ್ಚು ದಾದಿಯರ ಊಟ-ಆರೋಗ್ಯದ ವಿವರಗಳನ್ನು ಸಂಗ್ರಹಿಸುತ್ತಾ ಬಂದಿದ್ದಾರೆ. ಅವರಲ್ಲಿ ಮಗುವಿಗಾಗಿ ಪ್ರಯತ್ನಿಸುತ್ತಿದ್ದ ಹದಿನೇಳೂವರೆ ಸಾವಿರದಷ್ಟು ಹೆಂಗಸರ ಉತ್ತರಗಳನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಚವಾರೊ, ವಿಲೆಟ್ ಮುಂತಾದವರು ವಿಶ್ಲೇಷಿಸಿ 2007ರಲ್ಲಿ ಸಾಲು ಸಾಲು ಲೇಖನ ಬರೆದರು. "ಫಲವತ್ತತೆಯ ಆಹಾರ" ಎಂಬ ಮಾತು ಅಷ್ಟು ಹರಡಿದ್ದು ಅಲ್ಲಿಂದ. ದಿನಕ್ಕೆ ಎರಡು ಅಥವಾ ಹೆಚ್ಚು ಸಲ ಕೊಬ್ಬು ತೆಗೆದ ಹಾಲಿನ ಪದಾರ್ಥ ತಿನ್ನುವವರಲ್ಲಿ ಅಂಡೋತ್ಪತ್ತಿಯ ತೊಂದರೆ ಹೆಚ್ಚು ಕಂಡದ್ದೂ, ಕೊಬ್ಬಿರುವ ಹಾಲು ಕುಡಿಯುವವರಲ್ಲಿ ಕಡಿಮೆ ಕಂಡದ್ದೂ ಆ ಲೇಖನಗಳಲ್ಲೊಂದರಲ್ಲಿ ಇದೆ.

ಈಗ ಉಳಿದರ್ಧ. ಅವರು ನೋಡಿದ್ದು ಅಂಡೋತ್ಪತ್ತಿಯ ತೊಂದರೆಯಿಂದಾದ ಬಂಜೆತನವನ್ನು ಮಾತ್ರ. ಅದೂ ಯಾರಿಗೂ ಹಾಲು ಕೊಟ್ಟು ನೋಡಿದ ಪ್ರಯೋಗವಲ್ಲ, ತಿಂದದ್ದನ್ನು ಬರೆಸಿಕೊಂಡು ಹೋಲಿಸಿದ್ದು. ಕೊಬ್ಬಿಲ್ಲದ ಹಾಲನ್ನು ಆರಿಸುವವರು ಬೇರೆ ನೂರು ವಿಷಯಗಳಲ್ಲೂ ಉಳಿದವರಿಗಿಂತ ಬೇರೆಯಾಗಿರಬಹುದು. ಆಮೇಲೆ ಉತ್ತರ ಅಮೆರಿಕ ಮತ್ತು ಡೆನ್ಮಾರ್ಕಿನ ಎರಡು ಗುಂಪುಗಳಲ್ಲಿ ಇದನ್ನೇ ಹುಡುಕಿದಾಗ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ನಿಮ್ಮ ಎಂಟು ವರ್ಷ ವ್ಯರ್ಥವಾಗಿಲ್ಲ, ಹಾನಿಯೂ ಆಗಿಲ್ಲ. ಹಾಲು ನಿಮ್ಮ ನಾಲಿಗೆಗೆ ಬಿಟ್ಟದ್ದು.

ಆ ದಾದಿಯರ ಅಧ್ಯಯನದಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಟ್ರಾನ್ಸ್ ಕೊಬ್ಬಿನ, ಅಂದರೆ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬಿನ, ವಿಚಾರ. ದಿನದ ಶಕ್ತಿಯಲ್ಲಿ ನೂರಕ್ಕೆ ಎರಡರಷ್ಟು ಕಾರ್ಬೊಹೈಡ್ರೇಟ್ ಬದಲು ಟ್ರಾನ್ಸ್ ಕೊಬ್ಬಿನಿಂದ ಬಂದಾಗ ಅಂಡೋತ್ಪತ್ತಿಯ ತೊಂದರೆಯ ಅಪಾಯ ಶೇ 73ರಷ್ಟು ಹೆಚ್ಚು ಕಂಡಿತು. ನೂರಕ್ಕೆ ಎರಡು ಎಂದರೆ ಎಷ್ಟು? 1,800 ಕ್ಯಾಲೊರಿ ತಿನ್ನುವವರಿಗೆ ನಾಲ್ಕು ಗ್ರಾಂ, ಒಂದು ಟೀ ಚಮಚಕ್ಕೂ ಕಡಿಮೆ. ಇದೂ ಹೋಲಿಕೆಯ ಅಧ್ಯಯನವೇ, ಒಪ್ಪುತ್ತೇನೆ. ಆದರೆ ಈ ಕೊಬ್ಬು ಹೃದಯಕ್ಕೆ ಮಾಡುವ ಕೇಡು ಸಾಬೀತಾಗಿದೆ, ಬಿಟ್ಟರೆ ನಷ್ಟವೇನಿಲ್ಲ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳಲ್ಲಿ "ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ" ಎಂದಿದ್ದರೆ ಅಲ್ಲೇ ಇಟ್ಟುಬಿಡಿ.

ಪ್ರಶ್ನೆ: ನನ್ನ ಮಗನಿಗೆ ಮದುವೆಯಾಗಿ ಮೂರು ವರ್ಷ. ಸೊಸೆ ಸರಿಯಾಗಿ ಊಟ ಮಾಡುವುದಿಲ್ಲ, ಹಣ್ಣು ತರಕಾರಿ ಮುಟ್ಟುವುದಿಲ್ಲ, ಹೊರಗಿನ ತಿಂಡಿಯೇ ಹೆಚ್ಚು. ಅದಕ್ಕೇ ಮಕ್ಕಳಾಗಿಲ್ಲ ಎಂದು ನನ್ನ ನಂಬಿಕೆ. ಅವಳಿಗೆ ಏನು ತಿನ್ನಿಸಲಿ?

ಉತ್ತರ: ಅಮ್ಮಾ, ನಿಮ್ಮ ಕಾಳಜಿಯಲ್ಲಿ ಸತ್ಯದ ಅಂಶವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರಿಟನ್ ಮತ್ತು ಐರ್ಲೆಂಡಿನ 5,598 ಚೊಚ್ಚಲ ಗರ್ಭಿಣಿಯರನ್ನು ಕೇಳಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ನಾಲ್ಕು ಅಥವಾ ಹೆಚ್ಚು ಸಲ ಫಾಸ್ಟ್‌ಫುಡ್ ತಿನ್ನುತ್ತಿದ್ದವರಿಗೆ ಗರ್ಭ ನಿಲ್ಲಲು ಹೆಚ್ಚು ಕಾಲ ಹಿಡಿದಿತ್ತು. ಎಷ್ಟು ಹೆಚ್ಚು? ಸುಮಾರು ಒಂದು ತಿಂಗಳು. ಹಣ್ಣು ತಿನ್ನದವರಿಗೆ ಅರ್ಧ ತಿಂಗಳು. ಮೂರು ವರ್ಷದ ಕಾಯುವಿಕೆಯನ್ನು ಹೊರಗಿನ ತಿಂಡಿಯ ತಲೆಗೆ ಕಟ್ಟಲು ಇಷ್ಟು ಸಾಲದು.

ಪತ್ರದಲ್ಲಿ ನಿಮ್ಮ ಮಗ ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ ಎಂದು ಒಂದು ಸಾಲೂ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಉತ್ತರ ಅಮೆರಿಕದ ಒಂದು ಅಧ್ಯಯನದಲ್ಲಿ ದಿನಕ್ಕೊಂದು ಸಿಹಿ ಸೋಡಾ ಕುಡಿಯುವ ಹೆಂಗಸರಲ್ಲೂ ಗಂಡಸರಲ್ಲೂ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ ಕಂಡಿತ್ತು. ಹಾಗೆಂದು ಮಗನಿಗೆ ಸತುವಿನ ಮಾತ್ರೆ ತಂದುಕೊಡಬೇಡಿ. ಸತು ಮತ್ತು ಫೋಲಿಕ್ ಆಮ್ಲವನ್ನು ಗಂಡಸರಿಗೆ ಕೊಟ್ಟು ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳಲ್ಲಿ ನೋಡಿದ್ದಾರೆ. ವೀರ್ಯವೂ ಸುಧಾರಿಸಲಿಲ್ಲ, ಮಕ್ಕಳೂ ಹೆಚ್ಚಾಗಲಿಲ್ಲ.

ಇನ್ನೊಂದು ಅಧ್ಯಯನ ನಿಮಗೆ ಇಷ್ಟವಾಗಬಹುದು. ಅಮೆರಿಕದ ಟೆಕ್ಸಾಸ್ ಮತ್ತು ಮಿಷಿಗನ್‌ನ 500 ದಂಪತಿಗಳಲ್ಲಿ, ಗಂಡ ಹೆಂಡತಿ ಇಬ್ಬರೂ ಒಂದು ಋತುಚಕ್ರದಲ್ಲಿ ಎಂಟು ಅಥವಾ ಹೆಚ್ಚು ಸಲ ಮೀನು ಮುಂತಾದವನ್ನು ತಿಂದವರ ಪೈಕಿ ಶೇ 92 ಮಂದಿಗೆ ವರ್ಷದೊಳಗೆ ಗರ್ಭ ನಿಂತಿತು. ಕಡಿಮೆ ತಿಂದವರಲ್ಲಿ ಶೇ 79. ಮೀನು ತಿಂದ ಜೋಡಿಗಳು ಹೆಚ್ಚು ಸಲ ಕೂಡಿದ್ದರು ಎಂಬುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಅದೊಂದೇ ಕಾರಣವಲ್ಲವಂತೆ, ಆದರೂ ಮರೆಯಬೇಕಾದ ಕಾರಣವಲ್ಲ. ಮನೆಯಲ್ಲಿ ಅವರಿಬ್ಬರಿಗೆ ಒಂದಿಷ್ಟು ಏಕಾಂತ ಸಿಗುತ್ತಿದೆಯೇ, ನೋಡಿ.

ನೀವು ಮಾಡಬಹುದಾದ್ದು ಇಷ್ಟು: ಮಗನಿಗೆ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ. ಒಂದು ಬೆಳಗಿನ ಕೆಲಸ, ಸೂಜಿ ಚುಚ್ಚುವುದೂ ಇಲ್ಲ. ಸೊಸೆ ಅಷ್ಟರಲ್ಲಿ ತನ್ನ ಪರೀಕ್ಷೆಗಳನ್ನು ಮಾಡಿಸಿಕೊಳ್ಳಲಿ. ಊಟದ ಹೊತ್ತಿನಲ್ಲಿ ಈ ವಿಷಯ ಎತ್ತಬೇಡಿ.

ಪ್ರಶ್ನೆ: ಎಕ್ಸ್‌ರೇ ಪರೀಕ್ಷೆಯಲ್ಲಿ ಎರಡೂ ಗರ್ಭನಾಳ ಮುಚ್ಚಿವೆ ಎಂದು ಬಂದಿದೆ. ವಯಸ್ಸು 36. ಆರು ತಿಂಗಳ ಪಥ್ಯದಿಂದ ನಾಳ ತೆರೆಸುತ್ತೇವೆ ಎಂದು ಒಬ್ಬರು ಭರವಸೆ ಕೊಟ್ಟಿದ್ದಾರೆ. ಸೇರಲೇ?

ಉತ್ತರ: ಬೇಡ. ಸೋಂಕಿನಿಂದಲೋ ಹಳೆಯ ಶಸ್ತ್ರಚಿಕಿತ್ಸೆಯಿಂದಲೋ ಗಾಯ ಮಾಗಿ ಬೆಸೆದುಕೊಂಡ ನಾಳವನ್ನು ತೆರೆಯುವ ಆಹಾರ ಯಾವುದೂ ಇಲ್ಲ. ತಿಂದದ್ದು ಹೊಟ್ಟೆಗೆ ಹೋಗುತ್ತದೆ, ಗರ್ಭನಾಳಕ್ಕಲ್ಲ. ಅಂಡವನ್ನು ದೇಹದ ಹೊರಗೆ ವೀರ್ಯದೊಡನೆ ಸೇರಿಸಿ ಭ್ರೂಣವನ್ನು ಗರ್ಭಕೋಶದಲ್ಲಿಡುವ ಐವಿಎಫ್ ಎಂಬ ವಿಧಾನ ಹುಟ್ಟಿದ್ದೇ ನಿಮ್ಮಂಥವರಿಗಾಗಿ. ಆ ವಿಧಾನದಿಂದ 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿದ ಮೊದಲ ಮಗು ಲೂಯಿಸ್ ಬ್ರೌನ್. ಆಕೆಯ ತಾಯಿಯ ನಾಳಗಳೂ ಮುಚ್ಚಿದ್ದವು.

ನನಗೆ ಸಿಟ್ಟು ಬರುವುದು ಪಥ್ಯದ ಮೇಲಲ್ಲ, ಆರು ತಿಂಗಳ ಮೇಲೆ. ಹೆಣ್ಣು ಮಗು ಹುಟ್ಟುವಾಗಲೇ ತನ್ನ ಅಂಡಗಳನ್ನೆಲ್ಲ, ಹತ್ತು ಇಪ್ಪತ್ತು ಲಕ್ಷವನ್ನು, ಹೊತ್ತು ಬರುತ್ತದೆ. ಅವು ಕಡಿಮೆಯಾಗುತ್ತಾ ಹೋಗುತ್ತವೆ. ಊಟ ಅವಕ್ಕೆ ಒಂದನ್ನೂ ಸೇರಿಸುವುದಿಲ್ಲ. ಮೂವತ್ತೈದು ದಾಟಿದವರು ವರ್ಷವಿಡೀ ಕಾಯದೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕೆಂದು ಹೇಳುವುದು ಅದಕ್ಕೇ. ಆ ಆರು ತಿಂಗಳನ್ನು ಯಾರ ಕೈಗೂ ಕೊಡಬೇಡಿ. ಈ ವಾರವೇ ಸಮಯ ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಮುಂದಿನ ವರ್ಷ ಮಗು ಬೇಕು ಎಂದುಕೊಂಡಿದ್ದೇವೆ. ಈಗಿನಿಂದಲೇ ಊಟದಲ್ಲಿ ಏನು ಮಾಡಬೇಕು? ಕಾಫಿ ಬಿಡಲು ಮಾತ್ರ ಹೇಳಬೇಡಿ.

ಉತ್ತರ: ಹೇಳುವುದಿಲ್ಲ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್‌ವರೆಗೆ ಅಡ್ಡಿಯಿಲ್ಲ, ಅಂದರೆ ಸಾಧಾರಣ ಗಾತ್ರದ ಎರಡು ಕಪ್ ಕಾಫಿ. ಚಹಾ, ಕೋಲಾ, ಚಾಕೊಲೇಟ್‌ನಲ್ಲೂ ಕೆಫೀನ್ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮದ್ಯಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ, ಗರ್ಭದಲ್ಲಿ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಅದಕ್ಕಿಲ್ಲ.

ಈ ಪುಟದಲ್ಲಿ ನಾನು ಅನುಮಾನವಿಲ್ಲದೆ "ತೆಗೆದುಕೊಳ್ಳಿ" ಎನ್ನುವುದು ಫೋಲಿಕ್ ಆಮ್ಲ ಒಂದನ್ನೇ. ದಿನಕ್ಕೆ 400 ಮೈಕ್ರೊಗ್ರಾಂ, ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳ ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ. ಮಗುವಿನ ಮಿದುಳು, ಬೆನ್ನುಹುರಿಗಳಾಗುವ ನರನಾಳ ಗರ್ಭಾಂಕುರದ 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದೇ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಆರಂಭಿಸಿದರೆ ತಡವಾಗಿರುತ್ತದೆ. ಹಿಂದೆ ನರನಾಳದ ದೋಷವಿದ್ದ ಮಗು ಹುಟ್ಟಿದ್ದ ತಾಯಂದಿರಿಗೆ ಹೆಚ್ಚಿನ ಪ್ರಮಾಣ, ದಿನಕ್ಕೆ 4 ಮಿಲಿಗ್ರಾಂ, ಕೊಟ್ಟಾಗ ಆ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತೆಂದು 1991ರಲ್ಲಿ ಬ್ರಿಟನ್ನಿನ ನೇತೃತ್ವದ ಪ್ರಯೋಗ ತೋರಿಸಿತು. ನಿಮ್ಮ ಕುಟುಂಬದಲ್ಲಿ ಅಂಥದ್ದು ಇದ್ದರೆ, ಸಕ್ಕರೆ ಕಾಯಿಲೆ ಅಥವಾ ಅಪಸ್ಮಾರಕ್ಕೆ ಮಾತ್ರೆ ನುಂಗುತ್ತಿದ್ದರೆ, ಪ್ರಮಾಣವನ್ನು ವೈದ್ಯರಿಂದಲೇ ಬರೆಸಿಕೊಳ್ಳಿ.

ಉಳಿದದ್ದು ಸಣ್ಣಪುಟ್ಟದ್ದು. ಅಡುಗೆಗೆ ಅಯೋಡಿನ್ ಸೇರಿಸಿದ ಉಪ್ಪು. ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿ. ಮೀನು ತಿನ್ನುವವರು ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಮೀನುಗಳನ್ನು ಬಿಡಿ, ಅವುಗಳಲ್ಲಿ ಪಾದರಸ ಹೆಚ್ಚು. ಪ್ರಾಣಿಗಳ ಯಕೃತ್ತನ್ನೂ ವಿಟಮಿನ್ ಎ ಹೆಚ್ಚಿರುವ ಮಾತ್ರೆಗಳನ್ನೂ ಈ ಕಾಲದಲ್ಲಿ ದೂರವಿಡಿ, ಅವುಗಳಲ್ಲಿರುವ ರೆಟಿನಾಲ್ ಎಂಬ ರೂಪದ ವಿಟಮಿನ್ ಎ ಅತಿಯಾದರೆ ಭ್ರೂಣಕ್ಕೆ ಕೇಡು. ಫೋಲಿಕ್ ಆಮ್ಲದ ಮಾತ್ರೆಗೆ ಮುಂದಿನ ವರ್ಷದವರೆಗೆ ಕಾಯಬೇಕಾಗಿಲ್ಲ, ನಾಳೆಯ ಕಾಫಿಯ ಜೊತೆಗೇ ಆರಂಭಿಸಬಹುದು.